ಕಡಲಿಗೆ ಕಾಳಿ ಹೇಳುವ ಲೆಕ್ಕ

ಗಣೇಶಗುಡಿಯ ನದಿದಂಡೆಯಲ್ಲಿ ರಬ್ಬರ್ ದೋಣಿಗಳನ್ನು ಸಾಲಾಗಿ ಇಟ್ಟುಕೊಂಡು ಕಾಯುವ ಹುಡುಗರು ಮೋಡ ನೋಡಿ ನೀರಿನ ಅಂದಾಜು ಮಾಡುವುದಿಲ್ಲ. ಅವರ ಗಮನವೆಲ್ಲ ಮೇಲಿನ ಸೂಪಾ ಅಣೆಕಟ್ಟಿನ ಕಡೆ. ಅಣೆಕಟ್ಟಿನ ಬುಡದಲ್ಲಿರುವ ವಿದ್ಯುದಾಗಾರದ ಯಂತ್ರ ತಿರುಗಿದರೆ ಕಾಳಿ ನದಿ ತುಂಬಿಕೊಳ್ಳುತ್ತದೆ, ಬಂಡೆಗಳ ನಡುವೆ ನೊರೆ ಎದ್ದು ಅಲೆಯಾಗುತ್ತದೆ, ದೋಣಿಗಳು ಇಳಿಯುತ್ತವೆ. ಯಂತ್ರ ನಿಂತರೆ ಅಲೆಯೂ ನಿಲ್ಲುತ್ತದೆ. ದೂರದೂರಿನಿಂದ ರಾಫ್ಟಿಂಗ್‌ಗೆಂದು ದಾಂಡೇಲಿಗೆ ಬಂದವರು ಎಷ್ಟೋ ಸಲ ನೀರು ಬಿಡುವ ಹೊತ್ತಿಗಾಗಿ ಕಾದು ಕೂರುತ್ತಾರೆ.

ಅಲೆಯಿಂದ ವಿದ್ಯುತ್ ತೆಗೆಯುವುದು ಹೇಗೆಂದು ಜಗತ್ತಿನ ಎಂಜಿನಿಯರುಗಳು ಎರಡು ಶತಮಾನಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ದಾಂಡೇಲಿಯಲ್ಲಿ ವಿದ್ಯುತ್ತೇ ಅಲೆಯನ್ನು ಹುಟ್ಟಿಸುತ್ತಿದೆ. ಈ ತಿರುವುಮುರುವು ನೋಡಿದಾಗಿನಿಂದ ನನ್ನ ಮನಸ್ಸಿನಲ್ಲಿ ಒಂದು ವಿಚಾರ ಬೇರೂರಿದೆ. ಇವತ್ತಲ್ಲ ನಾಳೆ ನಮ್ಮ ಕರಾವಳಿಯ ಅಲೆಗಳಿಗೂ ಯಂತ್ರ ಕಟ್ಟುವ ದಿನ ಬರುತ್ತದೆ. ಆ ದಿನಕ್ಕೆ ಮೊದಲು ನಾವು ಓದಿಕೊಳ್ಳಬೇಕಾದ ಲೆಕ್ಕದ ಪುಸ್ತಕ ಜೊಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡದ ಕಾಡಿನಲ್ಲಿ ತೆರೆದೇ ಬಿದ್ದಿದೆ.

ಒಂದೇ ಗಾಳಿಯ ಎರಡು ಕೆಲಸ

ಈ ನಾಲ್ಕು ತಾಲ್ಲೂಕುಗಳಿಗೆ ಕಡಲಿಲ್ಲ. ಆದರೆ ಇಲ್ಲಿನ ನೀರೆಲ್ಲ ಕಡಲಿನದೇ. ಜೂನ್ ಮೊದಲ ವಾರದಲ್ಲಿ ನೈಋತ್ಯದಿಂದ ಬೀಸುವ ಗಾಳಿ ಅರಬ್ಬಿ ಸಮುದ್ರದ ಮೇಲೆ ಒಟ್ಟಿಗೇ ಎರಡು ಕೆಲಸ ಮಾಡುತ್ತದೆ. ನೀರಿನ ಮೈಯನ್ನು ಉಜ್ಜಿ ಅಲೆ ಎಬ್ಬಿಸುತ್ತದೆ. ಅದೇ ನೀರಿನ ಆವಿಯನ್ನು ಹೊತ್ತು ಸಹ್ಯಾದ್ರಿಯತ್ತ ನಡೆಯುತ್ತದೆ. ಅಲೆ ಕಾರವಾರದ ದಂಡೆಗೆ ಬಡಿದು ಸದ್ದು ಮಾಡಿ ಮುಗಿಯುತ್ತದೆ. ಆವಿ ಘಟ್ಟ ಹತ್ತಿ ಕ್ಯಾಸಲ್‌ರಾಕ್‌ನಲ್ಲಿ, ಅಣಶಿಯಲ್ಲಿ ಮಳೆಯಾಗಿ ಸುರಿಯುತ್ತದೆ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳ ಸಾಲಿನಲ್ಲಿದೆ ಕ್ಯಾಸಲ್‌ರಾಕ್. ಅಲ್ಲಿಂದ ಪೂರ್ವಕ್ಕೆ ಹಳಿಯಾಳ, ಮುಂಡಗೋಡದ ಕಡೆ ಸರಿದಂತೆ ಮೋಡ ಬರಿದಾಗುತ್ತಾ ಹೋಗುತ್ತದೆ. ಕಾಡು ತೆಳುವಾಗಿ ಭತ್ತ, ಗೋವಿನಜೋಳ, ಕಬ್ಬಿನ ಹೊಲಗಳು ಕಾಣಿಸಿಕೊಳ್ಳುತ್ತವೆ.

ಮುಂಡಗೋಡದಲ್ಲಿ ಮಳೆಹನಿ ದಾರಿ ಆರಿಸಿಕೊಳ್ಳಬೇಕಾಗುತ್ತದೆ. ತಾಲ್ಲೂಕಿನ ಒಂದು ಮಗ್ಗುಲಿಗೆ ಬಿದ್ದದ್ದು ಬೇಡ್ತಿ ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಹುಟ್ಟಿದ ಕಡಲಿಗೇ ಮರಳುತ್ತದೆ. ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಧರ್ಮಾ ನದಿಯ ಪಾಲಾಗಿ, ವರದೆ, ತುಂಗಭದ್ರೆ, ಕೃಷ್ಣೆಯರ ಜೊತೆ ನೂರಾರು ಮೈಲಿ ನಡೆದು ಬಂಗಾಳಕೊಲ್ಲಿಯನ್ನು ಸೇರುತ್ತದೆ. ಜೊಯಿಡಾದ ಬಹುಪಾಲು ಮಳೆಗೆ ಅಂಥ ಗೊಂದಲವಿಲ್ಲ. ಅದು ಕಾಳಿಯದು. ಡಿಗ್ಗಿಯ ಬಳಿ ಹುಟ್ಟಿ, 184 ಕಿಲೋಮೀಟರ್ ಹರಿದು, ಕಾರವಾರದ ಸದಾಶಿವಗಡದ ಬುಡದಲ್ಲಿ ಸಮುದ್ರ ಸೇರುವ ಕಾಳಿ ತನ್ನ ಇಡೀ ಬದುಕನ್ನು ಉತ್ತರ ಕನ್ನಡದಲ್ಲೇ ಕಳೆಯುತ್ತದೆ.

ಹಾಗಾಗಿ ಕಾಳಿಯ ವಿದ್ಯುತ್ತನ್ನು ಕಡಲ ವಿದ್ಯುತ್ತೆಂದು ಕರೆದರೆ ತಪ್ಪಾಗದು. ಸೂರ್ಯ ಮತ್ತು ಗಾಳಿ ಸೇರಿ ಕಡಲನ್ನು ನೂರಾರು ಮೀಟರ್ ಎತ್ತರಕ್ಕೆ ಹೊತ್ತು ತಂದು ಸುರಿದಿವೆ. ಅದನ್ನು ಅಣೆಕಟ್ಟಿನಲ್ಲಿ ಹಿಡಿದಿಟ್ಟುಕೊಂಡು, ಬೇಕೆಂದಾಗ ಇಳಿಸುವುದಷ್ಟೇ ನಮ್ಮ ಕೆಲಸ.

ಒಂದು ನೀರು, ನಾಲ್ಕು ದುಡಿಮೆ

ಕಾಳಿ ಇಳಿಯುವ ಬಗೆಯನ್ನು ಒಮ್ಮೆ ಹಿಂಬಾಲಿಸಿ ನೋಡಬೇಕು. ಮೊದಲ ನಿಲ್ದಾಣ ಸೂಪಾ. 101 ಮೀಟರ್ ಎತ್ತರದ ಕಾಂಕ್ರೀಟ್ ಅಣೆಕಟ್ಟು. ತುಂಬಿದರೆ ಸುಮಾರು 145 ಟಿಎಂಸಿ ಅಡಿ ನೀರು. ನಮ್ಮ ಕಣ್ಣಿಗೆ ಬಹುದೊಡ್ಡದಾಗಿ ಕಾಣುವ ಕೃಷ್ಣರಾಜಸಾಗರದ ಸಾಮರ್ಥ್ಯ 49 ಟಿಎಂಸಿ ಅಡಿಯ ಆಸುಪಾಸು. ಅಂಥ ಹೆಚ್ಚುಕಡಿಮೆ ಮೂರನ್ನು ಸೂಪಾ ಒಂದೇ ನುಂಗಿಕೊಳ್ಳುತ್ತದೆ. ಅದು ಅಂಚಿನವರೆಗೆ ತುಂಬುವುದು ಅಪರೂಪ. ತುಂಬಿದ ವರ್ಷ ಅದು ಪತ್ರಿಕೆಗಳಿಗೆ ಸುದ್ದಿ. ಅಣೆಕಟ್ಟಿನ ಬುಡದಲ್ಲಿ 50 ಮೆಗಾವ್ಯಾಟ್‌ನ ಎರಡು ಯಂತ್ರಗಳಿವೆ.

ಅಲ್ಲಿಂದ ಬಿಟ್ಟ ನೀರು ಗಣೇಶಗುಡಿಯಲ್ಲಿ ಅಲೆ ಎಬ್ಬಿಸಿ, ಮೊಸಳೆಗಳು ಬಿಸಿಲು ಕಾಯಿಸುವ ದಾಂಡೇಲಿಯ ದಂಡೆಗಳನ್ನು ದಾಟಿ ಬೊಮ್ಮನಹಳ್ಳಿ ಜಲಾಶಯ ಸೇರುತ್ತದೆ. ಹಳಿಯಾಳ ಸೀಮೆಯ ಪಾಲು ಬರುವುದೂ ಇಲ್ಲಿಗೇ. ತಟ್ಟಿಹಳ್ಳಕ್ಕೆ ಅಡ್ಡಗಟ್ಟಿ ಆ ನೀರನ್ನೂ ಬೊಮ್ಮನಹಳ್ಳಿಗೆ ತಿರುಗಿಸಲಾಗಿದೆ. ಅಲ್ಲಿಂದ ಬೆಟ್ಟದ ಹೊಟ್ಟೆಯೊಳಗಿನ ಸುರಂಗ ಹೊಕ್ಕು, ದೈತ್ಯ ಕೊಳವೆಗಳಲ್ಲಿ ಮುನ್ನೂರು ಮೀಟರಿಗೂ ಹೆಚ್ಚು ಆಳಕ್ಕೆ ಧುಮುಕಿ, ಅಂಬಿಕಾನಗರದ ಕೆಳಗಿನ ಕಣಿವೆಯಲ್ಲಿರುವ ನಾಗಝರಿ ವಿದ್ಯುದಾಗಾರದ ಆರು ಯಂತ್ರಗಳನ್ನು ತಿರುಗಿಸುತ್ತದೆ. ಇಲ್ಲಿ ಉತ್ಪಾದನೆ ಶುರುವಾಗಿದ್ದು 1979ರ ಹೊತ್ತಿಗೆ. ನವೀಕರಣದ ಬಳಿಕ ಒಂದೊಂದು ಯಂತ್ರದ ಬಲ 150 ಮೆಗಾವ್ಯಾಟ್. ಆಮೇಲೂ ನೀರಿಗೆ ಬಿಡುವಿಲ್ಲ. ಕೊಡಸಳ್ಳಿಯಲ್ಲಿ 120 ಮೆಗಾವ್ಯಾಟ್, ಕದ್ರಾದಲ್ಲಿ 150 ಮೆಗಾವ್ಯಾಟ್ ಆಗಿ ಮತ್ತೆರಡು ಸಲ ದುಡಿಯುತ್ತದೆ. ಕದ್ರಾ ಜಲಾಶಯದ ದಂಡೆಯಲ್ಲೇ ಕೈಗಾ ಅಣುಸ್ಥಾವರವಿದೆ. ಅದರ ನಾಲ್ಕು ಘಟಕಗಳನ್ನು ತಂಪಾಗಿಡುವುದೂ ಈ ನೀರೇ.

ಒಂದು ಸಣ್ಣ ಗಣಿತ ಮಾಡೋಣ. ಒಂದು ಘನ ಮೀಟರ್ ನೀರು, ಅಂದರೆ ಸಾವಿರ ಲೀಟರಿನ ಒಂದು ಸಿಂಟೆಕ್ಸ್ ಟ್ಯಾಂಕು, ಮುನ್ನೂರು ಮೀಟರ್ ಇಳಿದರೆ ಸಿಗುವುದು ಸುಮಾರು ಮುಕ್ಕಾಲು ಯೂನಿಟ್ ವಿದ್ಯುತ್. ಒಂದು ಫ್ಯಾನು ಹತ್ತು ತಾಸು ತಿರುಗಬಹುದು, ಅಷ್ಟೆ. ಆದರೆ ತುಂಬಿದ ಸೂಪಾದಲ್ಲಿ ಇಂಥ ನಾನೂರು ಕೋಟಿ ಟ್ಯಾಂಕುಗಳಿವೆ. ನಾಗಝರಿ ಒಂದರಲ್ಲೇ ಅದು ಸರಿಸುಮಾರು ಮುನ್ನೂರು ಕೋಟಿ ಯೂನಿಟ್ ಆಗುತ್ತದೆ. ಮಳೆಗಾಲದಲ್ಲಿ ಕೂಡಿಟ್ಟು ಏಪ್ರಿಲ್‌ನ ಸಂಜೆ ಏಳು ಗಂಟೆಗೆ ತೆಗೆದು ಖರ್ಚು ಮಾಡಬಹುದಾದ ಸಂಪತ್ತು ಇದು. ಕಾಳಿಯ ನಿಜವಾದ ಬೆಲೆ ಈ ಕೂಡಿಡುವ ಗುಣದಲ್ಲಿದೆ.

ವಿಳಿಂಜಂನ ಉಸಿರಾಡುವ ಪೆಟ್ಟಿಗೆ

ಈಗ ಕಡಲಿಗೆ ಬರೋಣ. ಅಲೆಯಿಂದ ಕೆಲಸ ತೆಗೆಯುವ ಯಂತ್ರಕ್ಕೆ ಪ್ಯಾರಿಸ್‌ನಲ್ಲಿ ಪೇಟೆಂಟ್ ದಾಖಲಾಗಿದ್ದು 1799ರಲ್ಲಿ. ಜಪಾನಿನ ಯೋಶಿಯೊ ಮಸುಡಾ ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಹಡಗುಗಳಿಗೆ ದಾರಿ ತೋರುವ ತೇಲುಬುರುಡೆಗಳ ದೀಪವನ್ನು ಅಲೆಯ ಬಲದಿಂದಲೇ ಉರಿಸಿದರು. 1970ರ ದಶಕದಲ್ಲಿ ತೈಲದ ಬೆಲೆ ಏರಿದಾಗ ಎಡಿನ್‌ಬರೋದಲ್ಲಿ ಸ್ಟೀಫನ್ ಸಾಲ್ಟರ್ ಅಲೆಗೆ ತಲೆದೂಗುವ ಬಾತುಕೋಳಿಯಾಕಾರದ ಯಂತ್ರ ರೂಪಿಸಿದರು.

ಭಾರತ ಈ ದಾರಿಯಲ್ಲಿ ಹಿಂದೆ ಬಿದ್ದಿರಲಿಲ್ಲ. ಮದ್ರಾಸ್ ಐಐಟಿಯ ತಂಡ 1980ರ ದಶಕದಲ್ಲೇ ಕೆಲಸ ಶುರುಮಾಡಿ, 1991ರಲ್ಲಿ ಕೇರಳದ ವಿಳಿಂಜಂ ಮೀನುಗಾರಿಕೆ ಬಂದರಿನ ಅಲೆತಡೆ ಗೋಡೆಯ ಬಳಿ 150 ಕಿಲೋವ್ಯಾಟ್‌ನ ಸ್ಥಾವರ ನಿಲ್ಲಿಸಿತು. ಅದರ ತತ್ವವನ್ನು ಕರಾವಳಿಯ ಮಕ್ಕಳಿಗೂ ಸುಲಭವಾಗಿ ತಿಳಿಸಬಹುದು. ಬಾಯಿ ನೀರಿನೊಳಗೆ ಮುಳುಗಿರುವ ಒಂದು ದೊಡ್ಡ ಕಾಂಕ್ರೀಟ್ ಪೆಟ್ಟಿಗೆ. ಅಲೆ ಒಳನುಗ್ಗಿದಾಗ ಪೆಟ್ಟಿಗೆಯೊಳಗಿನ ನೀರು ಮೇಲೇರುತ್ತದೆ, ಮೇಲಿನ ಗಾಳಿ ಕಿಂಡಿಯಿಂದ ರಭಸವಾಗಿ ಹೊರಬೀಳುತ್ತದೆ. ಅಲೆ ಹಿಂದೆ ಸರಿದಾಗ ಹೊರಗಿನ ಗಾಳಿ ಅದೇ ಕಿಂಡಿಯಿಂದ ಒಳಕ್ಕೆ ನುಗ್ಗುತ್ತದೆ. ಕಮ್ಮಾರನ ತಿದಿಯ ಹಾಗೆ ಕಡಲು ಉಸಿರಾಡುತ್ತದೆ. ಆ ಕಿಂಡಿಯಲ್ಲಿ ಒಂದು ಗಾಳಿಚಕ್ರ. ಗಾಳಿ ಒಳಗೆ ಬರಲಿ, ಹೊರಗೆ ಹೋಗಲಿ, ಚಕ್ರ ಮಾತ್ರ ಒಂದೇ ದಿಕ್ಕಿಗೆ ತಿರುಗುತ್ತದೆ. ಬೆಲ್‌ಫಾಸ್ಟ್‌ನ ಅಲನ್ ವೆಲ್ಸ್ ರೂಪಿಸಿದ ಈ ಚಕ್ರಕ್ಕೆ ಅವರದೇ ಹೆಸರು.

ವಿಳಿಂಜಂ ಸ್ಥಾವರ ವಿದ್ಯುತ್ ಜಾಲಕ್ಕೂ ವಿದ್ಯುತ್ ಕೊಟ್ಟಿತು. ಮುಂದೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಕೈಯಲ್ಲಿ ಸಮುದ್ರದ ನೀರನ್ನು ಸಿಹಿನೀರು ಮಾಡುವ ಪ್ರಯೋಗಕ್ಕೂ ನೆರವಾಯಿತು. ಕೊನೆಗೆ ಕೆಲಸ ನಿಲ್ಲಿಸಿತು. ಉಪ್ಪುನೀರು, ಉಪ್ಪುಗಾಳಿ, ಮಳೆಗಾಲದ ಹೊಡೆತ ಯಾವ ಲೋಹವನ್ನೂ ನೆಮ್ಮದಿಯಿಂದ ಇರಲು ಬಿಡುವುದಿಲ್ಲ. ಬೇರೆಡೆಯ ಕಥೆಯೂ ಏಳುಬೀಳಿನದೇ. ಪೋರ್ಚುಗಲ್ ತೀರದಲ್ಲಿ 2008ರಲ್ಲಿ ಇಳಿಸಿದ ಹಾವಿನಾಕಾರದ ಮೂರು ತೇಲುಯಂತ್ರಗಳನ್ನು ಕೆಲವೇ ತಿಂಗಳಲ್ಲಿ ದಡಕ್ಕೆ ಎಳೆಯಬೇಕಾಯಿತು. ಸ್ಪೇನ್‌ನ ಮುತ್ರಿಕು ಎಂಬ ಪುಟ್ಟ ಊರು ಮಾತ್ರ 2011ರಲ್ಲಿ ತನ್ನ ಬಂದರಿನ ಅಲೆತಡೆ ಗೋಡೆಯೊಳಗೇ ಹದಿನಾರು ಗಾಳಿಚಕ್ರಗಳನ್ನು ಕೂರಿಸಿಕೊಂಡಿತು. ವಿಳಿಂಜಂನ ತತ್ವವೇ ಅಲ್ಲೂ ಇರುವುದು. ಹೇಗೂ ಕಟ್ಟಲೇಬೇಕಿದ್ದ ಗೋಡೆ ವಿದ್ಯುತ್ತನ್ನೂ ಕೊಟ್ಟಿತು.

ಈಗ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ವಿಳಿಂಜಂ, 150 ಕಿಲೋವ್ಯಾಟ್. ನಾಗಝರಿಯ ಒಂದು ಯಂತ್ರ, 150 ಮೆಗಾವ್ಯಾಟ್. ಕಾಡಿನೊಳಗಿನ ಒಂದೇ ಯಂತ್ರಕ್ಕೆ ಸಮನಾಗಲು ಕಡಲಲ್ಲಿ ಸಾವಿರ ವಿಳಿಂಜಂ ಬೇಕು.

ಕಡಲಿನ ಬಲ, ಕಡಲಿನ ಮಿತಿ

ಇನ್ನೊಂದು ಬಗೆಯಲ್ಲಿ ಅಳೆಯೋಣ. ಅಲೆಯ ಬಲ ಅದರ ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎತ್ತರ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಎರಡು ಮೀಟರ್ ಎತ್ತರದ, ಎಂಟು ಸೆಕೆಂಡಿಗೊಂದರಂತೆ ಬರುವ ಅಲೆಯ ಪ್ರತಿ ಮೀಟರ್ ಅಗಲದಲ್ಲಿ ಸುಮಾರು 16 ಕಿಲೋವ್ಯಾಟ್ ಬಲವಿದೆ. ಅದರಲ್ಲಿ ಐದನೇ ಒಂದು ಪಾಲು ನಮ್ಮ ಯಂತ್ರಕ್ಕೆ ದಕ್ಕಿತೆಂದು ಇಟ್ಟುಕೊಂಡರೂ, ನಾಗಝರಿಯ ಆರೂ ಯಂತ್ರಗಳ ಪೂರ್ಣ ಬಲಕ್ಕೆ ಸರಿಗಟ್ಟಲು 280 ಕಿಲೋಮೀಟರ್ ಉದ್ದದ ಯಂತ್ರಗಳ ಸಾಲು ಬೇಕಾಗುತ್ತದೆ. ಕರ್ನಾಟಕದ ಇಡೀ ಕರಾವಳಿ ಸುಮಾರು 320 ಕಿಲೋಮೀಟರ್. ಅದೂ ಮಳೆಗಾಲದ ಬಿರುಸಿನ ಕಡಲಿನ ಮಾತು. ಬೇಸಿಗೆಯಲ್ಲಿ ಅಲೆ ತಗ್ಗಿದಾಗ ಲೆಕ್ಕ ಇನ್ನೂ ಸೊರಗುತ್ತದೆ.

ಈ ಲೆಕ್ಕ ಯಾರನ್ನೂ ನಿರಾಶೆಗೊಳಿಸಲಿಕ್ಕಲ್ಲ. ಅಲೆ ವಿದ್ಯುತ್ ನಾಗಝರಿಯ ಜಾಗಕ್ಕೆ ಬರಲಾರದು, ಅದರ ಜೊತೆಗೆ ದುಡಿಯಬಲ್ಲದು ಎಂಬುದನ್ನು ಇದು ತೋರಿಸುತ್ತದೆ. ಕಡಲು ಉಕ್ಕುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಸೂಪಾ ತುಂಬುವುದೂ ಆಗಲೇ. ಮುಂಗಾರಿನಲ್ಲಿ ಕಡಲು ದುಡಿದು ಕೊಟ್ಟ ಪ್ರತಿ ಯೂನಿಟ್‌ಗೆ ಬದಲಾಗಿ ಕಾಳಿಯಲ್ಲಿ ಒಂದಿಷ್ಟು ನೀರು ಖರ್ಚಾಗದೆ ಉಳಿಯುತ್ತದೆ. ಕಡಲಿಗೆ ಕೂಡಿಡುವ ಗುಣವಿಲ್ಲ, ಕಾಳಿಗೆ ಇದೆ. ಕಡಲು ಮಳೆಗಾಲದಲ್ಲಿ ದುಡಿದು ಕಾಳಿಗೆ ವಿಶ್ರಾಂತಿ ಕೊಟ್ಟರೆ, ಕಾಳಿ ಬೇಸಿಗೆಯಲ್ಲಿ ಆ ಋಣ ತೀರಿಸುತ್ತದೆ. ಒಂದೇ ಗಾಳಿಗೆ ಹುಟ್ಟಿದ ಈ ಅಕ್ಕತಂಗಿಯರು ಹೀಗೆ ಹೆಗಲು ಕೊಟ್ಟುಕೊಳ್ಳುವುದು ಸಾಧ್ಯವಿದೆ.

ಕೇಂದ್ರ ಸರ್ಕಾರ 2019ರಲ್ಲಿ ಸಾಗರದಿಂದ ಬರುವ ಶಕ್ತಿಯನ್ನೂ ನವೀಕರಿಸಬಹುದಾದ ಶಕ್ತಿಯೆಂದು ಮಾನ್ಯ ಮಾಡಿದೆ. ಹಾಗಾಗಿ ಇದು ಇನ್ನು ಕನಸುಗಾರರ ಮಾತಾಗಿ ಉಳಿಯುವುದಿಲ್ಲ. ಯಾವತ್ತೋ ಒಂದು ದಿನ ಅಳತೆಗಾರರು ನಮ್ಮ ದಂಡೆಗೂ ಬರುತ್ತಾರೆ. ಆಗ ಕೇಳಬೇಕಾದ ಪ್ರಶ್ನೆಗಳು ಘಟ್ಟದ ಮೇಲೆ ಹುಟ್ಟಿದವು.

ಸೂಪಾ ಎಂಬ ಊರಿತ್ತು

ಸೂಪಾ ಎಂದರೆ ಇಂದಿನ ತಲೆಮಾರಿಗೆ ಅಣೆಕಟ್ಟು. ಆದರೆ ಸೂಪಾ ಎಂಬುದು ಒಂದು ಊರಾಗಿತ್ತು. ಪಾಂಡರಿ ನದಿ ಕಾಳಿಯನ್ನು ಕೂಡುವಲ್ಲಿದ್ದ ಪೇಟೆ. ತಾಲ್ಲೂಕಿನ ಕಚೇರಿ ಅಲ್ಲಿತ್ತು. ತಾಲ್ಲೂಕಿಗೆ ಅದರದೇ ಹೆಸರಿತ್ತು. ಜಲಾಶಯ ಏರಿದಾಗ ಆ ಊರೂ, ಸುತ್ತಲಿನ ಹಳ್ಳಿಗಳೂ, ಗದ್ದೆಗಳೂ, ದೇವಸ್ಥಾನಗಳೂ ನೀರಿನ ಕೆಳಗೆ ಹೋದವು. ಹಲವಾರು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಲೋಂಡಾ ದಾರಿಯ ರಾಮನಗರಕ್ಕೆ ಬಂದು ಹೊಸದಾಗಿ ಒಲೆ ಹೂಡಿದವು. ತಾಲ್ಲೂಕು ಕೇಂದ್ರ ಜೊಯಿಡಾಕ್ಕೆ ಸರಿಯಿತು. ಊರು ಮುಳುಗಿದ ಮೇಲೂ ಸರ್ಕಾರಿ ಕಡತಗಳಲ್ಲಿ ಸೂಪಾ ತಾಲ್ಲೂಕು ಎಂಬ ಹೆಸರು ಬಹುಕಾಲ ಉಳಿದಿತ್ತು.

ಆ ತ್ಯಾಗಕ್ಕೆ ಸಿಕ್ಕ ಬೆಳಕು ಎಲ್ಲಿಗೆ ಹೋಯಿತು? ಕಾಳಿಯ ವಿದ್ಯುತ್ ಹೊತ್ತ ದೊಡ್ಡ ತಂತಿಗಳು ಕಾಡಿನ ನೆತ್ತಿಯ ಮೇಲೆ ಹಾದು ದೂರದ ನಗರಗಳಿಗೆ, ಕಾರ್ಖಾನೆಗಳಿಗೆ ನಡೆದವು. ಅದೇ ಕಾಡಿನ ಒಳಗಿನ ಎಷ್ಟೋ ಕುಣಬಿ ಸಮುದಾಯದ ಹಾಡಿಗಳು, ಮಜಿರೆಗಳು ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ರಾತ್ರಿ ಕಳೆದವು. ಗೆಡ್ಡೆಗೆಣಸುಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಈ ಜನರ ಮನೆಯಂಗಳದಿಂದ ಕಾಣುವ ತಂತಿ ಅವರ ಮನೆಯೊಳಗೆ ಬರಲಿಲ್ಲ. ನಾಡು ಬೆಳಗಲೆಂದು ಊರು ಬಿಟ್ಟುಕೊಟ್ಟವರ ಸೀಮೆ ಬೆಳಕಿನ ಸರದಿಯಲ್ಲಿ ಕಟ್ಟಕಡೆಗೆ ನಿಂತಿತು. ಈ ಮಾತು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಆ ನಗರಗಳ ಬೆಳಕಿನಲ್ಲಿ ಓದಿದವರಲ್ಲಿ ನಾನೂ ಒಬ್ಬ.

ನದಿಯ ಇನ್ನೊಂದು ತುದಿಯಲ್ಲಿರುವವರ ಲೆಕ್ಕವೂ ಇದೆ. 2019ರ ಆಗಸ್ಟ್‌ನಲ್ಲಿ ಜಲಾಶಯಗಳು ತುಂಬಿ, ಕದ್ರಾದಿಂದ ನೀರು ಬಿಟ್ಟಾಗ ಕಾರವಾರ ತಾಲ್ಲೂಕಿನ ನದಿದಂಡೆಯ ಮನೆಗಳಿಗೆ ಕಾಳಿ ನುಗ್ಗಿತು. ಕೂಡಿಟ್ಟ ನೀರು ಬಲವೂ ಹೌದು, ಭಯವೂ ಹೌದು.

ಬೇಡ್ತಿಯವರು ಲೆಕ್ಕ ಕೇಳಿದರು

ಕಾಳಿಯಲ್ಲಿ ಆದದ್ದನ್ನು ಪಕ್ಕದ ಕಣಿವೆಯವರು ನೋಡುತ್ತಿದ್ದರು. ಬೇಡ್ತಿಗೂ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಶಿರಸಿ, ಯಲ್ಲಾಪುರ ಸೀಮೆಯ ಅಡಿಕೆ ಬೆಳೆಗಾರರು ಘೋಷಣೆ ಕೂಗಿ ಸುಮ್ಮನಾಗಲಿಲ್ಲ. ಕಾಗದ, ಪೆನ್ನು ಹಿಡಿದರು. ಶಿರಸಿಯ ತೋಟಗಾರ್ಸ್ ಸಹಕಾರಿ ಸಂಘದ ಮುಂದಾಳತ್ವದಲ್ಲಿ ಯೋಜನೆಯ ಲಾಭನಷ್ಟವನ್ನು ತಾವೇ ಅಳೆಸಿದರು. ಮುಳುಗುವ ಕಾಡಿಗೆ, ತೋಟಕ್ಕೆ, ಮಣ್ಣಿಗೆ ಬೆಲೆ ಕಟ್ಟಿ, 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನೂ ಅಧಿಕಾರಿಗಳನ್ನೂ ಕೂರಿಸಿಕೊಂಡು ಚರ್ಚಿಸಿದರು. ಯೋಜನೆ ನಿಂತಿತು. ಬೇಡ್ತಿ ಇಂದಿಗೂ ಮಾಗೋಡಿನಲ್ಲಿ ತನ್ನ ಇಷ್ಟದಂತೆ ಧುಮುಕುತ್ತಿದೆ.

ಯೋಜನೆ ಬೇಕೋ ಬೇಡವೋ ಎಂಬುದಕ್ಕಿಂತ ಆ ರೈತರು ಹಾಕಿಕೊಟ್ಟ ಪದ್ಧತಿ ನನಗೆ ದೊಡ್ಡದಾಗಿ ಕಾಣುತ್ತದೆ. ಲೆಕ್ಕ ಬರೆಯುವಾಗ ನೆಲದವರು ಮೇಜಿನ ಬಳಿ ಕೂತಿರಬೇಕು ಎಂದು ಅವರು ಈ ನಾಡಿಗೆ ಕಲಿಸಿದರು. ಕಡಲಿಗೆ ಅಣೆಕಟ್ಟು ಬೇಕಿಲ್ಲ, ಯಾರ ಊರೂ ಮುಳುಗುವುದಿಲ್ಲ, ಹಾಗಾಗಿ ಯಾರನ್ನೂ ಕೇಳುವ ಅಗತ್ಯವಿಲ್ಲ ಎನ್ನುವವರಿಗೆ ಆ ಪಾಠ ಮತ್ತೆ ಹೇಳಬೇಕಾಗಿದೆ. ಅಲೆಗೂ ವಾರಸುದಾರರಿದ್ದಾರೆ. ಯಾವ ಹೊತ್ತಿನ ಅಲೆಗೆ ದೋಣಿ ಇಳಿಸಬೇಕು, ಯಾವ ಬಂಡೆಯ ಬಳಿ ಯಾವ ತಿಂಗಳು ಮೀನು ಬರುತ್ತದೆ ಎಂದು ಬಲ್ಲ ನಾಡದೋಣಿಯವರ ಪಾಲಿಗೆ ಕಡಲು ಉತ್ತು ಬಿತ್ತುವ ಹೊಲದಷ್ಟೇ ನಿಜ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗಲೂ ದಂಡೆಯ ಸಮೀಪ ಬಲೆ ಬೀಸುವವರು ಅವರೇ. ಅಲೆಯ ಯಂತ್ರ ಹೆಚ್ಚು ದುಡಿಯುವುದೂ ಅದೇ ತಿಂಗಳುಗಳಲ್ಲಿ, ಅದೇ ದಂಡೆಯಲ್ಲಿ.

ಕಾರವಾರದ ಮೀನುಗಾರರು ಆಗಲೇ ಬಹಳ ಬಿಟ್ಟುಕೊಟ್ಟಿದ್ದಾರೆ. ನೌಕಾನೆಲೆಗಾಗಿ ಹಲವು ಹಳ್ಳಿಗಳು ಖಾಲಿಯಾದವು. 2020ರ ಜನವರಿಯಲ್ಲಿ ಬಂದರು ವಿಸ್ತರಣೆಗಾಗಿ ಅಲೆತಡೆ ಗೋಡೆಯ ಕೆಲಸ ಶುರುವಾದಾಗ ಅವರು ಬೀದಿಗಿಳಿದರು. ಉಳಿದಿರುವ ಒಂದು ಕಡಲತೀರವೂ ಕೈತಪ್ಪುತ್ತದೆಂಬ ಆತಂಕ ಅವರದು. ಅಲೆಯ ವಿದ್ಯುತ್ತಿಗೆ ಅತ್ಯಂತ ಸೂಕ್ತವಾದ ಜಾಗ ಅಲೆತಡೆ ಗೋಡೆ ಎಂದು ತಂತ್ರಜ್ಞಾನ ಹೇಳುತ್ತದೆ. ಆ ಗೋಡೆಯೇ ಎಂಥ ಗಾಯವಾಗಬಲ್ಲದೆಂದು ಕಾರವಾರ ಹೇಳುತ್ತದೆ. ಎರಡೂ ಮಾತನ್ನು ಒಟ್ಟಿಗೆ ಕೇಳಿಸಿಕೊಂಡವರು ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಕು.

ಮೊದಲ ಯೂನಿಟ್

ನಾನು ಅಲೆಯ ವಿದ್ಯುತ್ತಿನ ಪರವಾಗಿದ್ದೇನೆ. ಇನ್ನೊಂದು ಸೂಪಾ ಮುಳುಗಬಾರದು ಎಂದರೆ ಇಂಥ ಹೊಸ ದಾರಿಗಳನ್ನು ಹುಡುಕಲೇಬೇಕು. ಕಡಲ್ಕೊರೆತ ತಡೆಯಲು ವರ್ಷವರ್ಷವೂ ಬಂಡೆಗಲ್ಲು ಸುರಿಯುವ ನಾವು, ಮೀನುಗಾರರೇ ಬೇಕೆಂದು ಕೇಳುವ ಕಡೆ ಕಟ್ಟುವ ಗೋಡೆಯಲ್ಲಿ ಒಂದೆರಡು ಉಸಿರಾಡುವ ಪೆಟ್ಟಿಗೆಗಳನ್ನು ಇಟ್ಟು ನೋಡಬಹುದು. ಸುರತ್ಕಲ್‌ನ ಎನ್‌ಐಟಿಕೆ ಅಂಗಳದ ಅಂಚಿಗೇ ಕಡಲಿದೆ. ಕಲಿಯುವ ಕೈಗಳಿಗೆ ಕೊರತೆಯಿಲ್ಲ. ಸಣ್ಣದಾಗಿ ಶುರುಮಾಡಿ, ಮುರಿದರೆ ತಿದ್ದಿ, ವಿಳಿಂಜಂ ಬಿಟ್ಟ ಜಾಗದಿಂದ ಮುಂದುವರಿಯಬಹುದು.

ಒಂದು ಷರತ್ತು ಮಾತ್ರ ಕಾಳಿಯಿಂದ ಕಲಿತು ಮೊದಲೇ ಬರೆದಿಡಬೇಕು. 150 ಕಿಲೋವ್ಯಾಟ್ ಬೆಂಗಳೂರಿಗೆ ಏನೂ ಅಲ್ಲ. ಒಂದು ಮೀನುಗಾರಿಕೆ ಧಕ್ಕೆಗೆ ಅದು ದೊಡ್ಡ ಮಾತು. ಹಿಡಿದ ಮೀನು ಕೆಡದಂತೆ ಕಾಯುವ ಮಂಜುಗಡ್ಡೆ ಘಟಕ, ಮೀನು ಒಣಗಿಸುವ ಹೆಂಗಸರ ಶೆಡ್ಡಿನ ದೀಪ, ಉಪ್ಪುನೀರಿನ ಬಾವಿಯ ಊರಿಗೆ ಒಂದಿಷ್ಟು ಸಿಹಿನೀರು, ಇವಕ್ಕೆ ಅಲೆಯ ಮೊದಲ ಯೂನಿಟ್ ಸಲ್ಲಬೇಕು. ಮಿಕ್ಕಿದ್ದು ತಂತಿ ಹತ್ತಿ ಘಟ್ಟದಾಚೆಗೆ ಹೋಗಲಿ.

ಜೊಯಿಡಾದ ಮಜಿರೆಯೊಂದರ ಅಂಗಳದಲ್ಲಿ ನಿಂತರೆ ತಲೆಯ ಮೇಲೆ ದೊಡ್ಡ ತಂತಿಗಳು ಹಾದುಹೋಗುವುದು ಕಾಣುತ್ತದೆ. ಮಳೆ ಬೀಳುವಾಗ ಅವು ಸಣ್ಣಗೆ ಗುಂಯ್‌ಗುಡುತ್ತವೆ. ನಲವತ್ತು ವರ್ಷಗಳಿಂದ ಆ ಸದ್ದು ಕೇಳುತ್ತಾ ಬಂದವರಿಗೆ ತಂತಿ ಎಲ್ಲಿಂದ ಬರುತ್ತದೆಂದು ಚೆನ್ನಾಗಿ ಗೊತ್ತು. ಅಲೆಯ ಯಂತ್ರದ ನಕ್ಷೆ ಹಿಡಿದು ಕಾರವಾರಕ್ಕೆ ಬರುವವರು ಮೊದಲು ಘಟ್ಟ ಹತ್ತಿ, ಆ ಅಂಗಳದಲ್ಲಿ ಒಂದು ಗಳಿಗೆ ನಿಂತು, ಆ ಸದ್ದು ಕೇಳಿಸಿಕೊಂಡು ಇಳಿಯಲಿ.